ಅಸೆಂಬ್ಲಿ ಬಾಯಿಪಾಠ ಮಾಡದೆ ಕಲಿಯೋದು ಹೇಗೆ? 8086ರಿಂದ ಶುರು ಮಾಡೋದಾ, ರಿಸ್ಕ್-ಫೈವ್‌ನಿಂದಾ?

ಸಕಲೇಶಪುರದ ಹುಡುಗಿ

ಎಲ್ಲರಿಗೂ ನಮಸ್ಕಾರ. ಡಿಪ್ಲೊಮಾ ಮುಗಿಸಿ ಲ್ಯಾಟರಲ್ ಎಂಟ್ರಿಯಲ್ಲಿ ನೇರ ಮೂರನೇ ಸೆಮಿಸ್ಟರ್‌ಗೆ ಸೇರಿದ್ದೀನಿ. ದಿನಾ ಸಕಲೇಶಪುರದಿಂದ ಹಾಸನಕ್ಕೆ ಬಸ್ಸು. ಕಂಪ್ಯೂಟರ್ ಆರ್ಗನೈಸೇಶನ್ ಕ್ಲಾಸಲ್ಲಿ ಪೈಪ್‌ಲೈನ್ (ಹಲವು ಇನ್‌ಸ್ಟ್ರಕ್ಷನ್‌ಗಳನ್ನು ಹಂತಹಂತವಾಗಿ ಒಟ್ಟಿಗೆ ನಡೆಸೋದು), ಕ್ಯಾಶೆ (ಪ್ರೊಸೆಸರ್ ಪಕ್ಕದ ಚಿಕ್ಕ, ವೇಗದ ಮೆಮೊರಿ) ಅಂತ ನಡೀತಿದೆ. ಲ್ಯಾಬಲ್ಲಿ 8086 ಅನ್ನೋ ಹಳೇ ಇಂಟೆಲ್ ಪ್ರೊಸೆಸರ್‌ನ ಅಸೆಂಬ್ಲಿ, ಅಂದರೆ ಪ್ರೊಸೆಸರ್‌ಗೆ ಒಂದೊಂದೇ ಇನ್‌ಸ್ಟ್ರಕ್ಷನ್ ನೇರ ಬರೆಯೋ ಭಾಷೆ. ಎರಡಕ್ಕೂ ಏನು ಸಂಬಂಧ ಅಂತ ನನಗೆ ಕಾಣಿಸ್ತಿಲ್ಲ.

ಲ್ಯಾಬಲ್ಲಿ ಪ್ರೋಗ್ರಾಂ ಓಡುತ್ತೆ, ಔಟ್‌ಪುಟ್ ಬರುತ್ತೆ, ರೆಕಾರ್ಡಿಗೆ ಸಹಿ ಬೀಳುತ್ತೆ. ಆದರೆ ಪ್ರತಿ ಪ್ರೋಗ್ರಾಂನ ತಲೆ ಮೇಲೆ 'ಮೂವ್ ಎಎಕ್ಸ್, ಡೇಟಾ', ಆಮೇಲೆ 'ಮೂವ್ ಡಿಎಸ್, ಎಎಕ್ಸ್' ಅಂತ ಎರಡು ಸಾಲು ಯಾಕೆ ಬರೀಬೇಕು ಅಂದರೆ ನಮ್ಮ ಬ್ಯಾಚಲ್ಲಿ ಒಬ್ಬರೂ ಹೇಳಲ್ಲ. ಎಎಕ್ಸ್, ಡಿಎಸ್ ಎರಡೂ ರಿಜಿಸ್ಟರ್, ಅಂದರೆ ಪ್ರೊಸೆಸರ್ ಒಳಗಿನ ಪುಟ್ಟ ಸಂಗ್ರಹ ಜಾಗ. ಒಂದೇ ಸಾಲಲ್ಲಿ ನೇರ ಡಿಎಸ್‌ಗೆ ಹಾಕಬಾರದಾ? ಹಾಕಿದರೆ ಅಸೆಂಬ್ಲರ್ (ಅಸೆಂಬ್ಲಿಯನ್ನು ಯಂತ್ರದ ಬೈಟ್‌ಗಳಾಗಿ ಬದಲಿಸೋ ಪ್ರೋಗ್ರಾಂ) ತಪ್ಪು ತೋರಿಸುತ್ತೆ.

ಕೆಲವರು 8086 ಹಳೇದು, ರಿಸ್ಕ್-ಫೈವ್ (ಹೊಸ ಕಾಲದ ಪ್ರೊಸೆಸರ್ ವಿನ್ಯಾಸ) ಕಲಿ ಅಂತಾರೆ. ಇನ್ನು ಕೆಲವರು 8086ಕ್ಕೂ ಮುಂಚಿನ ಚಿಪ್ 8085 ಗೊತ್ತಿಲ್ಲದೆ ಏನೂ ಗೊತ್ತಾಗಲ್ಲ ಅಂತಾರೆ. ನನಗೆ ಪಾಸಾದರೆ ಸಾಲದು, ಇದು ನಿಜವಾಗಿ ತಿಳೀಬೇಕು. ಎಲ್ಲಿಂದ ಹಿಡೀಲಿ?

ಹಳೇ ಮೇಷ್ಟ್ರು, ಚಿಕ್ಕಮಗಳೂರು

ಮೊದಲು ಆ ಎರಡು ಸಾಲಿನ ವಿಷಯ. ಅದೊಂದು ಅರ್ಥವಾದರೆ ನಿಮ್ಮ ಥಿಯರಿಗೂ ಲ್ಯಾಬಿಗೂ ಸೇತುವೆ ಬಿದ್ದ ಹಾಗೆ.

8086 ಬಂದದ್ದು 1978ರಲ್ಲಿ. ಅದರ ರಿಜಿಸ್ಟರ್‌ಗಳು 16 ಬಿಟ್. ಹದಿನಾರು ಬಿಟ್‌ನಿಂದ ಮುಟ್ಟಬಹುದಾದ ಮೆಮೊರಿ 64 ಕಿಲೋಬೈಟ್, ಅಷ್ಟೇ. ಆದರೆ ಚಿಪ್‌ಗೆ ಕೊಟ್ಟಿದ್ದು 20 ಅಡ್ರೆಸ್ ಲೈನ್, ಅಂದರೆ 1 ಮೆಗಾಬೈಟ್. 16 ಬಿಟ್ ರಿಜಿಸ್ಟರ್‌ನಿಂದ 20 ಬಿಟ್ ವಿಳಾಸ ಹುಟ್ಟಿಸಬೇಕಲ್ಲ, ಅದಕ್ಕೆ ಸೆಗ್ಮೆಂಟ್ ರಿಜಿಸ್ಟರ್ ತಂದರು. ಸೆಗ್ಮೆಂಟನ್ನು 16ರಿಂದ ಗುಣಿಸಿ ಆಫ್‌ಸೆಟ್ ಕೂಡಿಸುವುದು. ಹೆಕ್ಸ್‌ನಲ್ಲಿ ಬರೆದರೆ ಸೆಗ್ಮೆಂಟಿನ ಬಲಕ್ಕೆ ಒಂದು ಸೊನ್ನೆ ಹಾಕಿ ಕೂಡಿಸಿದರಾಯಿತು. ಸೆಗ್ಮೆಂಟ್ 1000, ಆಫ್‌ಸೆಟ್ 0010 ಇದ್ದರೆ ವಿಳಾಸ 10010. ಸೆಗ್ಮೆಂಟ್ 1001, ಆಫ್‌ಸೆಟ್ 0000 ಇದ್ದರೂ ಅದೇ 10010. ಒಂದೇ ಜಾಗಕ್ಕೆ ಹಲವು ಹೆಸರು. ಇದನ್ನು ಪೇಪರ್ ಮೇಲೆ ನಾಲ್ಕಾರು ಸಲ ಮಾಡಿ ನೋಡಿ.

ಈಗ ಆ ಎರಡು ಸಾಲು. ಡಾಸ್ (ಹಳೆಯ ಆಪರೇಟಿಂಗ್ ಸಿಸ್ಟಂ) ನಿಮ್ಮ ಪ್ರೋಗ್ರಾಂ ಲೋಡ್ ಮಾಡುವಾಗ ಸಿಎಸ್ (ಕೋಡ್ ಸೆಗ್ಮೆಂಟ್) ಮತ್ತು ಎಸ್‌ಎಸ್ (ಸ್ಟ್ಯಾಕ್ ಸೆಗ್ಮೆಂಟ್) ಸರಿಯಾಗಿ ತುಂಬಿಸುತ್ತದೆ. ಡಿಎಸ್ (ಡೇಟಾ ಸೆಗ್ಮೆಂಟ್) ಮಾತ್ರ ನಿಮ್ಮ ಡೇಟಾವನ್ನು ತೋರಿಸುತ್ತಿರುವುದಿಲ್ಲ. ಪ್ರೋಗ್ರಾಂನ ಮುಂದೆ ಡಾಸ್ ಇಟ್ಟುಕೊಳ್ಳುವ ತನ್ನದೇ ಒಂದು ಮಾಹಿತಿ ತುಣುಕನ್ನು ತೋರಿಸುತ್ತಿರುತ್ತದೆ. ಹಾಗಾಗಿ ಡಿಎಸ್ ತುಂಬಿಸುವ ಹೊಣೆ ನಿಮ್ಮದು. ನೇರ ಯಾಕೆ ಹಾಕಬಾರದು ಅಂದರೆ, ಸೆಗ್ಮೆಂಟ್ ರಿಜಿಸ್ಟರ್‌ಗೆ ಸ್ಥಿರಸಂಖ್ಯೆಯನ್ನು ನೇರ ಕಳಿಸುವ ಇನ್‌ಸ್ಟ್ರಕ್ಷನ್ ಎನ್‌ಕೋಡಿಂಗ್ 8086ರಲ್ಲಿ ಇಲ್ಲವೇ ಇಲ್ಲ. ಅಸೆಂಬ್ಲರ್ ಹಟ ಮಾಡುತ್ತಿಲ್ಲ. ಆ ಸಾಲಿಗೆ ಹೊಂದುವ ಬೈಟ್‌ಗಳೇ ಅದರ ಬಳಿ ಇಲ್ಲ.

ನಾಳೆ ಲ್ಯಾಬಲ್ಲಿ ಒಂದು ಕೆಲಸ ಮಾಡಿ. ಸ್ಟ್ರಿಂಗ್ ಪ್ರಿಂಟ್ ಮಾಡುವ ಪ್ರೋಗ್ರಾಂ ತೆಗೆದು (ಎಎಚ್‌ನಲ್ಲಿ 09, ಇಂಟರಪ್ಟ್ 21, ಅಂದರೆ ಡಾಸ್‌ನ ಪ್ರಿಂಟ್ ಸೇವೆಯನ್ನು ಕರೆಯುವುದು) ಆ ಎರಡು ಸಾಲು ತೆಗೆದುಹಾಕಿ ಓಡಿಸಿ. ತೆರೆಯ ಮೇಲೆ ಅರ್ಥವಿಲ್ಲದ ಅಕ್ಷರಗಳು ಬೀಳುತ್ತವೆ, ಎಲ್ಲೋ ಒಂದು ಡಾಲರ್ ಚಿಹ್ನೆ ಸಿಗುವ ತನಕ. ಆಮೇಲೆ ಡಿಬಗರ್‌ನಲ್ಲಿ ಡಿಎಸ್ ಎಷ್ಟಿದೆ ನೋಡಿ, ಆ ವಿಳಾಸದಲ್ಲಿ ಏನಿದೆ ನೋಡಿ. ಹೀಗೆ ಬೇಕೆಂದೇ ಕೆಡಿಸಿ ನೋಡದೆ ಈ ವಿಷಯ ಯಾರಿಗೂ ಬರುವುದಿಲ್ಲ ಅಂತ ನಾನು ನಂಬಿದ್ದೇನೆ.

ಅರಸೀಕೆರೆ ಜಂಕ್ಷನ್

ಮೇಷ್ಟ್ರ ವಿವರಣೆ ಚೆನ್ನಾಗಿದೆ, ಆದರೆ ಅದೇ ನನ್ನ ತಕರಾರಿಗೂ ಆಧಾರ. ಎಂಬೆಡೆಡ್ ಕೆಲಸದಲ್ಲಿದ್ದೀನಿ, ಹೊಸಬರಿಗೆ ಕಲಿಸ್ತೀನಿ. ಎರಡು ಸಂಖ್ಯೆ ಕೂಡಿಸೋಕೆ ಹೊರಟ ಹುಡುಗಿ ಮೊದಲು ಸೆಗ್ಮೆಂಟ್, ಡಾಸ್ ಲೋಡರ್, ಇಂಟರಪ್ಟ್ 21 ಎಲ್ಲ ದಾಟಬೇಕಾ? ಅದು 1978ರ ಒಂದು ರಾಜಿ. ಕಂಪ್ಯೂಟರ್ ಅಂದರೇನು ಅನ್ನೋದರ ಭಾಗವಲ್ಲ ಅದು.

ರಿಸ್ಕ್-ಫೈವ್ 2010ರಲ್ಲಿ ಅಮೆರಿಕದ ಬರ್ಕ್‌ಲಿ ವಿಶ್ವವಿದ್ಯಾಲಯದಲ್ಲಿ ಶುರುವಾಯ್ತು. ಅದರ ಮೂಲ 32 ಬಿಟ್ ಸೆಟ್‌ನಲ್ಲಿ 32 ರಿಜಿಸ್ಟರ್, ಎಲ್ಲ ಇನ್‌ಸ್ಟ್ರಕ್ಷನ್‌ಗಳೂ 32 ಬಿಟ್ ಉದ್ದ. ಎಕ್ಸ್0 ಯಾವಾಗಲೂ ಸೊನ್ನೆ. ಲೆಕ್ಕ ಮಾಡೋದು ರಿಜಿಸ್ಟರ್ ಮೇಲೆ ಮಾತ್ರ, ಮೆಮೊರಿ ಮುಟ್ಟೋದು ಲೋಡ್ ಮತ್ತು ಸ್ಟೋರ್ ಮಾತ್ರ. ನಿಮ್ಮ ಥಿಯರಿ ಕ್ಲಾಸಿನ ಐದು ಹಂತದ ಪೈಪ್‌ಲೈನ್ ಚಿತ್ರ ಇಂಥ ಯಂತ್ರಕ್ಕೇ ಬರೆದದ್ದು, 8086ಗೆ ಅಲ್ಲ. ಅದಕ್ಕೇ ನಿಮಗೆ ಎರಡಕ್ಕೂ ಸಂಬಂಧ ಕಾಣದೇ ಇರೋದು.

ರೈಪ್ಸ್ ಅಂತ ಉಚಿತ ಸಿಮ್ಯುಲೇಟರ್ ಇದೆ. ಪ್ರೋಗ್ರಾಂ ಬರೆದು ಒಂದೊಂದೇ ಸೈಕಲ್ ಮುಂದಕ್ಕೆ ಒತ್ತಿದರೆ ಯಾವ ಇನ್‌ಸ್ಟ್ರಕ್ಷನ್ ಯಾವ ಹಂತದಲ್ಲಿದೆ, ಯಾವ ತಂತಿಯಲ್ಲಿ ಎಷ್ಟು ಮೌಲ್ಯ ಹರೀತಿದೆ ಎಲ್ಲ ತೋರಿಸುತ್ತೆ. ಅಸೆಂಬ್ಲಿ ಮಾತ್ರ ಸಾಕು ಅನ್ನೋರಿಗೆ ರಾರ್ಸ್ ಇದೆ. ಜಾವಾ ಇರೋ ಯಾವ ಹಳೇ ಲ್ಯಾಪ್‌ಟಾಪಲ್ಲೂ ಓಡುತ್ತೆ.

ನಮ್ಮ ದೇಶದಲ್ಲೂ ಇದೇ ದಾರಿ. ಐಐಟಿ ಮದ್ರಾಸಿನ ಶಕ್ತಿ, ಸಿ-ಡ್ಯಾಕ್‌ನ ವೇಗಾ ಎರಡೂ ರಿಸ್ಕ್-ಫೈವ್ ಪ್ರೊಸೆಸರ್‌ಗಳು.

ಹಳೇ ಮೇಷ್ಟ್ರು, ಚಿಕ್ಕಮಗಳೂರು

ಪೈಪ್‌ಲೈನ್ ಚಿತ್ರದ ಬಗ್ಗೆ ನೀವು ಹೇಳಿದ್ದು ಪೂರ್ತಿ ಸರಿ. ಆದರೆ ರಿಸ್ಕ್-ಫೈವ್‌ನಲ್ಲಿ ಫ್ಲ್ಯಾಗ್ ರಿಜಿಸ್ಟರ್ (ಲೆಕ್ಕದ ಫಲಿತ ಸೊನ್ನೆಯೇ, ಕ್ಯಾರಿ ಬಂತೇ ಎಂಬ ಗುರುತುಗಳ ಜಾಗ) ಇಲ್ಲ. ಕ್ಯಾರಿ ಎಂಬುದು ಒಂದು ಬಿಟ್ ಆಗಿ ಯಂತ್ರದೊಳಗೆ ಬದುಕಿರುತ್ತದೆ, ಅದನ್ನು ಕಾಪಾಡಿಕೊಂಡು ಹೋಗಬೇಕು ಎಂಬ ಪಾಠ ಅಲ್ಲಿ ಸಿಗುವುದಿಲ್ಲ.

8085 ತೆಗೆದುಕೊಳ್ಳಿ. 1976ರ ಚಿಪ್, ಸುಮಾರು 6,500 ಟ್ರಾನ್ಸಿಸ್ಟರ್, ಮನಸ್ಸಿನೊಳಗೆ ಪೂರ್ತಿ ಹಿಡಿಸುವಷ್ಟು ಚಿಕ್ಕದು. ಅದರಲ್ಲಿ ನಾಲ್ಕು ಬೈಟ್‌ನ ಎರಡು ಸಂಖ್ಯೆ ಕೂಡಿಸುವ ಲೂಪ್ ಹೀಗಿರುತ್ತದೆ:

ಎಲ್‌ಎಕ್ಸ್‌ಐ ಎಚ್, 2050
ಎಲ್‌ಎಕ್ಸ್‌ಐ ಡಿ, 2060
ಎಂವಿಐ ಸಿ, 04
ಎಕ್ಸ್‌ಆರ್‌ಎ ಎ
ಮತ್ತೆ: ಎಲ್‌ಡಿಎಎಕ್ಸ್ ಡಿ
ಎಡಿಸಿ ಎಂ
ಎಸ್‌ಟಿಎಎಕ್ಸ್ ಡಿ
ಐಎನ್‌ಎಕ್ಸ್ ಎಚ್
ಐಎನ್‌ಎಕ್ಸ್ ಡಿ
ಡಿಸಿಆರ್ ಸಿ
ಜೆಎನ್‌ಜೆಡ್ ಮತ್ತೆ

ಎಡಿಸಿ ಹಿಂದಿನ ಬೈಟ್‌ನ ಕ್ಯಾರಿಯನ್ನೂ ಸೇರಿಸಿ ಕೂಡಿಸುತ್ತದೆ. ಆದರೆ ಒಂದು ಎಡಿಸಿಗೂ ಮುಂದಿನ ಎಡಿಸಿಗೂ ನಡುವೆ ಎಷ್ಟೊಂದು ಇನ್‌ಸ್ಟ್ರಕ್ಷನ್‌ಗಳಿವೆ ನೋಡಿ. ಅಷ್ಟರಲ್ಲಿ ಕ್ಯಾರಿ ಅಳಿಸಿಹೋಗಬೇಕಿತ್ತಲ್ಲವೆ? ಹೋಗುವುದಿಲ್ಲ. ಐಎನ್‌ಎಕ್ಸ್ ಯಾವ ಫ್ಲ್ಯಾಗನ್ನೂ ಮುಟ್ಟುವುದಿಲ್ಲ. ಡಿಸಿಆರ್ ಜೀರೋ ಫ್ಲ್ಯಾಗ್ ಬದಲಿಸುತ್ತದೆ, ಸೈನ್ ಬದಲಿಸುತ್ತದೆ, ಕ್ಯಾರಿಯೊಂದನ್ನು ಬಿಡುತ್ತದೆ. ಕ್ಯಾರಿ ಉಳಿಯುವುದರಿಂದಲೇ ಈ ಲೂಪ್ ನಡೆಯುತ್ತದೆ. 'ಡಿಸಿಆರ್ ಕ್ಯಾರಿಗೆ ಪರಿಣಾಮ ಬೀರುವುದಿಲ್ಲ' ಎಂದು ಕೋಷ್ಟಕದಲ್ಲಿ ಬಾಯಿಪಾಠ ಮಾಡಿದವರು ಪರೀಕ್ಷೆ ಮುಗಿದ ವಾರಕ್ಕೆ ಮರೆಯುತ್ತಾರೆ. ಈ ಲೂಪನ್ನು ಕೈಯಲ್ಲಿ ಬಿಡಿಸಿದವರು ಮರೆಯುವುದಿಲ್ಲ. 8086ರ 'ಇಂಕ್' ಮತ್ತು 'ಡೆಕ್' ಕೂಡ ಹೀಗೇ ಕ್ಯಾರಿಯನ್ನು ಬಿಟ್ಟುಬಿಡುತ್ತವೆ.

ಅರಸೀಕೆರೆ ಜಂಕ್ಷನ್

ಉದಾಹರಣೆ ಒಪ್ಪಿದೆ ಸರ್, ನನ್ನ ಹುಡುಗರಿಗೂ ಇದನ್ನೇ ಕೊಡ್ತೀನಿ. ಆದರೆ ರಿಸ್ಕ್-ಫೈವ್‌ನಲ್ಲಿ ಆ ಪಾಠ ಇನ್ನೊಂದು ಬದಿಯಿಂದ ಸಿಗುತ್ತೆ. ಸೈನ್ ಇಲ್ಲದ ಎರಡು ಸಂಖ್ಯೆ ಕೂಡಿಸಿದಾಗ ಮೊತ್ತ ಕೂಡಿಸಿದ ಸಂಖ್ಯೆಗಿಂತ ಚಿಕ್ಕದಾಗಿ ಬಂದರೆ ಕ್ಯಾರಿ ಬಿದ್ದಿದೆ ಅಂತ ಅರ್ಥ. 'ಆ್ಯಡ್' ಆದ ಮೇಲೆ 'ಎಸ್‌ಎಲ್‌ಟಿಯು' ಹಾಕಿದರೆ ಕ್ಯಾರಿ ಒಂದು ಸಾಮಾನ್ಯ ರಿಜಿಸ್ಟರ್‌ಗೆ ಬರುತ್ತೆ. ಯಾರೂ ಅಳಿಸೋ ಭಯ ಇಲ್ಲ.

ಫ್ಲ್ಯಾಗ್ ಬಿಟ್ಟದ್ದಕ್ಕೆ ಕಾರಣವೂ ಆರ್ಗನೈಸೇಶನ್‌ನಲ್ಲೇ ಇದೆ. ಪ್ರತಿ ಇನ್‌ಸ್ಟ್ರಕ್ಷನ್ನೂ ಒಂದೇ ಫ್ಲ್ಯಾಗ್ ರಿಜಿಸ್ಟರಿಗೆ ಬರೆಯೋದಾದರೆ, ಹಲವು ಇನ್‌ಸ್ಟ್ರಕ್ಷನ್ ಒಟ್ಟಿಗೆ ಅಥವಾ ಕ್ರಮ ತಪ್ಪಿಸಿ ನಡೆಸೋ ಯಂತ್ರಕ್ಕೆ ಅದೊಂದು ಗಂಟು.

ಕಡೂರು ಬಯಲು

ಮಧ್ಯೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ನಾನು ಬಿಸಿಎ, ಹತ್ತನೇ ಕ್ಲಾಸ್‌ವರೆಗೆ ಕನ್ನಡ ಮಾಧ್ಯಮ. ಕ್ಯಾರಿ ಗೊತ್ತು. ಓವರ್‌ಫ್ಲೋ ಬೇರೆ ಯಾಕೆ? ಎರಡೂ 'ಜಾಗ ಸಾಲಲಿಲ್ಲ' ಅಂತಲೇ ಅಲ್ವಾ?

ಹಳೇ ಮೇಷ್ಟ್ರು, ಚಿಕ್ಕಮಗಳೂರು

ಕ್ಷಮೆ ಯಾಕಪ್ಪ, ಇದು ತುಂಬ ಒಳ್ಳೆಯ ಪ್ರಶ್ನೆ. ಎಂಟು ಬಿಟ್ ಇಟ್ಟುಕೊಳ್ಳೋಣ. ಸೈನ್ ಇಲ್ಲ ಎಂದು ಓದಿದರೆ 0ರಿಂದ 255. ಟೂಸ್ ಕಾಂಪ್ಲಿಮೆಂಟ್‌ನಲ್ಲಿ (ಮೈನಸ್ ಸಂಖ್ಯೆಗಳನ್ನೂ ಬಿಟ್‌ಗಳಲ್ಲಿ ಬರೆಯುವ ಕ್ರಮ) ಓದಿದರೆ ಮೈನಸ್ 128ರಿಂದ ಪ್ಲಸ್ 127. ಯಂತ್ರದೊಳಗೆ ಎರಡಕ್ಕೂ ಒಂದೇ ಕೂಡಿಸುವ ಸರ್ಕ್ಯೂಟ್. ನೀವು ಹೇಗೆ ಓದುತ್ತೀರಿ ಎಂದು ಅದಕ್ಕೆ ಗೊತ್ತಿಲ್ಲ.

01111111 ಜೊತೆ 1 ಕೂಡಿಸಿ. 10000000 ಬರುತ್ತದೆ. ಸೈನ್ ಇಲ್ಲದೆ ಓದಿದರೆ 127ಕ್ಕೆ 1 ಕೂಡಿ 128, ಸರಿಯಾಗಿದೆ, ಕ್ಯಾರಿ 0. ಸೈನ್ ಇಟ್ಟು ಓದಿದರೆ ಉತ್ತರ ಮೈನಸ್ 128, ತಪ್ಪು. ಹಾಗಾಗಿ ಓವರ್‌ಫ್ಲೋ 1.

ಈಗ 11111111 ಜೊತೆ 1. ಫಲಿತ 00000000, ಕ್ಯಾರಿ 1. ಸೈನ್ ಇಲ್ಲದೆ ಓದಿದರೆ 255ಕ್ಕೆ 1 ಕೂಡಿ ಸೊನ್ನೆ, ತಪ್ಪು. ಸೈನ್ ಇಟ್ಟು ಓದಿದರೆ ಮೈನಸ್ 1ಕ್ಕೆ 1 ಕೂಡಿ ಸೊನ್ನೆ, ಸರಿ. ಓವರ್‌ಫ್ಲೋ 0.

ಕೂಡಿಸಿದ್ದು ಒಂದೇ ಸರ್ಕ್ಯೂಟ್, ಎರಡು ಓದುಗಳಿಗೆ ಎರಡು ಎಚ್ಚರಿಕೆ. ಅತಿ ಎಡದ ಬಿಟ್‌ಗೆ ಒಳಬಂದ ಕ್ಯಾರಿಯೂ ಅದರಿಂದ ಹೊರಹೋದ ಕ್ಯಾರಿಯೂ ಬೇರೆ ಬೇರೆ ಆಗಿದ್ದರೆ ಓವರ್‌ಫ್ಲೋ. ಒಂದು ಎಕ್ಸ್‌ಆರ್ ಗೇಟ್, ಅಷ್ಟೇ. ಅಂದ ಹಾಗೆ 8085ರ ಅಧಿಕೃತ ಐದು ಫ್ಲ್ಯಾಗ್‌ಗಳಲ್ಲಿ ಓವರ್‌ಫ್ಲೋ ಇಲ್ಲ, 8086ರಲ್ಲಿ ಇದೆ. ಇದನ್ನು 8086ರಲ್ಲೇ ಮಾಡಿ ನೋಡಿ.

ಕಡೂರು ಬಯಲು

ಈಗ ಗೊತ್ತಾಯ್ತು ಸರ್. ಬರೆದಿಟ್ಟುಕೊಂಡೆ.

ಸಕಲೇಶಪುರದ ಹುಡುಗಿ

ಆ ಎರಡು ಸಾಲು ತೆಗೆದು ಓಡಿಸಿದೆ. ಮೇಷ್ಟ್ರು ಹೇಳಿದ ಹಾಗೇ ಏನೇನೋ ಅಕ್ಷರ ಬಂತು. ಲ್ಯಾಬಲ್ಲಿದ್ದವರೆಲ್ಲ ನನ್ನ ಸಿಸ್ಟಂ ಸುತ್ತ ನಿಂತರು, ಎಲ್ಲರಿಗೂ ಡಿಎಸ್ ತೋರಿಸಿದೆ.

ಮನೆಗೆ ಬಂದು ರಾರ್ಸ್ ಕೂಡ ಹಾಕಿಕೊಂಡೆ. ಮೇನ್‌ನಿಂದ ಒಂದು ಫಂಕ್ಷನ್ ಕರೆದರೆ ಸರಿಯಾಗಿ ವಾಪಸ್ ಬರುತ್ತೆ. ಆ ಫಂಕ್ಷನ್ ಒಳಗಿಂದ ಇನ್ನೊಂದನ್ನು ಕರೆದರೆ ಒಳಗಿನದು ಮುಗಿಯುತ್ತೆ, ಆಮೇಲೆ ಹೊರಗಿನದರ 'ರೆಟ್' ಹತ್ತಿರ ಸುತ್ತುತ್ತಾ ನಿಲ್ಲುತ್ತೆ. 8086ರಲ್ಲಿ ಹೀಗೆ ಆಗಲ್ಲವಲ್ಲ?

ಅರಸೀಕೆರೆ ಜಂಕ್ಷನ್

ಇದಕ್ಕಿಂತ ಒಳ್ಳೇ ಪ್ರಶ್ನೆ ಈ ವಾರ ನನಗೆ ಯಾರೂ ಕೇಳಿಲ್ಲ.

8086ರ 'ಕಾಲ್' ವಾಪಸಾಗಬೇಕಾದ ವಿಳಾಸವನ್ನು ತಾನೇ ಸ್ಟ್ಯಾಕ್‌ಗೆ, ಅಂದರೆ ಮೆಮೊರಿಗೆ ಹಾಕುತ್ತೆ. ಎಷ್ಟು ಆಳಕ್ಕೆ ಕರೆದರೂ ಒಂದರ ಮೇಲೊಂದು ಕೂರುತ್ತೆ. ರಿಸ್ಕ್-ಫೈವ್‌ನ 'ಜಾಲ್' ಅದನ್ನು ಆರ್‌ಎ ಅನ್ನೋ ಒಂದೇ ರಿಜಿಸ್ಟರಲ್ಲಿ ಇಡುತ್ತೆ. ಎರಡನೇ ಕರೆ ಬಂದಾಗ ಆರ್‌ಎ ಮೇಲೆ ಹೊಸ ವಿಳಾಸ ಕೂತಿತು, ಮೇನ್‌ಗೆ ಹೋಗೋ ದಾರಿ ಅಳಿಸಿತು. ಹೊರಗಿನ ಫಂಕ್ಷನ್ನಿನ ಆರ್‌ಎ ಈಗ ತನ್ನದೇ ಒಳಗಿನ ಜಾಗ ತೋರಿಸ್ತಿದೆ, ಅದಕ್ಕೇ ಅಲ್ಲಲ್ಲೇ ಸುತ್ತುತ್ತೆ.

ಇನ್ನೊಂದನ್ನು ಕರೆಯೋ ಪ್ರತಿ ಫಂಕ್ಷನ್ನಿನ ಶುರುವಲ್ಲಿ ಹೀಗೆ ಹಾಕಿ (ಎಸ್‌ಪಿ ಅಂದರೆ ಸ್ಟ್ಯಾಕ್‌ನ ತುದಿ ತೋರಿಸೋ ರಿಜಿಸ್ಟರ್):

ಆ್ಯಡ್‌ಐ ಎಸ್‌ಪಿ, ಎಸ್‌ಪಿ, -16
ಎಸ್‌ಡಬ್ಲ್ಯೂ ಆರ್‌ಎ, 12(ಎಸ್‌ಪಿ)

ಕೊನೆಯಲ್ಲಿ 'ರೆಟ್'ಗೆ ಮುಂಚೆ:

ಎಲ್‌ಡಬ್ಲ್ಯೂ ಆರ್‌ಎ, 12(ಎಸ್‌ಪಿ)
ಆ್ಯಡ್‌ಐ ಎಸ್‌ಪಿ, ಎಸ್‌ಪಿ, 16

4 ಬೈಟ್ ಸಾಕಿರುವಾಗ 16 ಯಾಕೆ ಅಂದರೆ, ಎಸ್‌ಪಿ ಯಾವಾಗಲೂ 16 ಬೈಟ್‌ಗೆ ಹೊಂದಿಕೊಂಡಿರಬೇಕು ಅಂತ ಕರೆಯೋ ಒಪ್ಪಂದ ಇದೆ.

ವಾಪಸಾಗೋ ವಿಳಾಸವನ್ನು ರಿಜಿಸ್ಟರಲ್ಲಿ ಇಟ್ಟಿದ್ದರ ಲಾಭ: ಯಾರನ್ನೂ ಕರೆಯದ ಚಿಕ್ಕ ಫಂಕ್ಷನ್ ವಾಪಸಾಗೋಕೆ ಮೆಮೊರಿ ಮುಟ್ಟೋದೇ ಬೇಡ. 8085ರ ಕಾಲ್‌ಗೆ 18 ಟಿ-ಸ್ಟೇಟ್ (ಗಡಿಯಾರದ ಸೈಕಲ್) ಬೇಕು, ಅದರಲ್ಲಿ ಒಂದು ಪಾಲು ವಿಳಾಸದ ಎರಡು ಬೈಟ್‌ಗಳನ್ನು ಸ್ಟ್ಯಾಕ್‌ಗೆ ತಳ್ಳೋದಕ್ಕೇ ಹೋಗುತ್ತೆ.

ಮೂಡಿಗೆರೆ ತೋಟ

ಪೈಪ್‌ಲೈನ್ ನನಗೆ ಹೊಳೆದದ್ದು ನಮ್ಮ ಮನೆ ಕಾಫಿ ಪಲ್ಪಿಂಗ್ ಕೆಲಸ (ಹಣ್ಣಿನ ಸಿಪ್ಪೆ ಬಿಡಿಸೋದು) ನೋಡಿ. ಹಣ್ಣು ಕೊಯ್ಯೋದು, ಪಲ್ಪರ್, ಹುಳಿ ಬರಿಸೋ ತೊಟ್ಟಿ, ತೊಳೆಯೋದು, ಕಣದಲ್ಲಿ ಒಣಗಿಸೋದು. ನಿನ್ನೆಯ ಹಣ್ಣು ತೊಟ್ಟಿಯಲ್ಲಿರುವಾಗ ಇವತ್ತಿನದು ಪಲ್ಪರ್‌ಗೆ ಹೋಗುತ್ತೆ. ಒಂದು ಲಾಟ್ ಪೂರ್ತಿ ಒಣಗೋ ತನಕ ಕಾದು ಇನ್ನೊಂದು ಕೊಯ್ಯೋಕೆ ಹೋದರೆ ಸೀಸನ್ನೇ ಮುಗಿದುಹೋಗುತ್ತೆ.

ಹಳೇ ಮೇಷ್ಟ್ರು, ಚಿಕ್ಕಮಗಳೂರು

ಚೆನ್ನಾಗಿದೆ. ಲೆಕ್ಕ ಸೇರಿಸುತ್ತೇನೆ: ಐದು ಹಂತ, 100 ಇನ್‌ಸ್ಟ್ರಕ್ಷನ್. ಒಂದಾದ ಮೇಲೆ ಒಂದು ಮಾಡಿದರೆ 500 ಸೈಕಲ್. ಪೈಪ್‌ಲೈನ್‌ನಲ್ಲಿ, ಎಲ್ಲೂ ತಡೆ ಇಲ್ಲದಿದ್ದರೆ, ಮೊದಲನೆಯದಕ್ಕೆ 5, ಉಳಿದ 99ಕ್ಕೆ ಒಂದೊಂದು, ಒಟ್ಟು 104.

ಆದರೆ ಹೋಲಿಕೆ ಎರಡು ಕಡೆ ಒಡೆಯುತ್ತದೆ, ಕಲಿಯಬೇಕಾದದ್ದು ಆ ಎರಡು ಕಡೆಯಲ್ಲೇ ಇದೆ. ಒಂದು, ಕಣದಲ್ಲಿ ಒಣಗಲು ವಾರಕ್ಕೂ ಹೆಚ್ಚು ಬೇಕು, ಪಲ್ಪಿಂಗ್‌ಗೆ ಕೆಲವು ಗಂಟೆ. ನೀವು ಕಣ ದೊಡ್ಡದು ಮಾಡಿ ಅದನ್ನು ಸರಿದೂಗಿಸುತ್ತೀರಿ. ಪ್ರೊಸೆಸರ್‌ನಲ್ಲಿ ಎಲ್ಲ ಹಂತಕ್ಕೂ ಒಂದೇ ಗಡಿಯಾರ, ಅತಿ ನಿಧಾನದ ಹಂತ ಎಷ್ಟು ಹೊತ್ತು ತೆಗೆದುಕೊಳ್ಳುತ್ತದೋ ಅದಕ್ಕಿಂತ ವೇಗವಾಗಿ ಗಡಿಯಾರ ಓಡಲಾರದು. ಎರಡು, ಇವತ್ತಿನ ಹಣ್ಣಿಗೆ ನಿನ್ನೆಯ ಹಣ್ಣಿನ ಫಲಿತಾಂಶ ಬೇಕಿಲ್ಲ. ಇನ್‌ಸ್ಟ್ರಕ್ಷನ್‌ಗೆ ಬೇಕು. ಮುಂದಿನದಕ್ಕೆ ಬೇಕಾದ ಮೌಲ್ಯ ಹಿಂದಿನದರಲ್ಲಿ ಇನ್ನೂ ತಯಾರಾಗುತ್ತಿರುತ್ತದೆ. ಹಜಾರ್ಡ್ ಎನ್ನುವ ತೊಡಕು ಹುಟ್ಟುವುದು ಅಲ್ಲಿ.

ಬೇಲೂರು ರಸ್ತೆ

ಯಾರೂ ಕ್ಯಾಶೆ ಬಗ್ಗೆ ಹೇಳಲಿಲ್ಲ. ಇದಕ್ಕೆ ಅಸೆಂಬ್ಲಿ ಕೂಡ ಬೇಡ, ಸಿ ಸಾಕು. 4096 ಅಡ್ಡಸಾಲು, 4096 ಕಂಬಸಾಲು ಇರುವ ಇಂಟ್ ಮ್ಯಾಟ್ರಿಕ್ಸ್, ಅಂದರೆ 64 ಮೆಗಾಬೈಟ್. ಎಲ್ಲವನ್ನೂ ಕೂಡಿಸಿ. ಒಮ್ಮೆ ಅಡ್ಡಸಾಲಿನ ಪ್ರಕಾರ, ಒಮ್ಮೆ ಎರಡು ಲೂಪ್ ಅದಲುಬದಲು ಮಾಡಿ ಕಂಬಸಾಲಿನ ಪ್ರಕಾರ. ಲೆಕ್ಕದ ಕೆಲಸ ಎರಡರಲ್ಲೂ ಒಂದೇ, ಸಮಯ ಮಾತ್ರ ಬೇರೆ.

ಸಿ ಭಾಷೆ ಅಡ್ಡಸಾಲನ್ನು ಪಕ್ಕಪಕ್ಕ ಇಡುತ್ತದೆ. ನಮ್ಮ ಸಾಮಾನ್ಯ ಲ್ಯಾಪ್‌ಟಾಪ್‌ನ ಕ್ಯಾಶೆ ಲೈನ್ (ಮೆಮೊರಿಯಿಂದ ಒಮ್ಮೆಗೆ ತರುವ ತುಂಡು) 64 ಬೈಟ್, 16 ಇಂಟ್. ಅಡ್ಡಕ್ಕೆ ಹೋದರೆ ಒಮ್ಮೆ ತಂದ ಲೈನ್‌ನಿಂದ 16 ಸಂಖ್ಯೆ ಸಿಗುತ್ತವೆ. ಉದ್ದಕ್ಕೆ ಹೋದರೆ ಪ್ರತಿ ಹೆಜ್ಜೆಗೂ 16,384 ಬೈಟ್ ಹಾರಬೇಕು. ತಂದ ಲೈನ್‌ನಲ್ಲಿ ಒಂದನ್ನು ಬಳಸಿ ಉಳಿದ ಹದಿನೈದು ಬೇಕಾಗುವ ಹೊತ್ತಿಗೆ ಆ ಲೈನ್ ಹೊರಗೆ ಹೋಗಿರುವ ಸಾಧ್ಯತೆಯೇ ಹೆಚ್ಚು. ಕಂಪೈಲರ್ ಆಪ್ಟಿಮೈಸೇಶನ್ ಆಫ್ ಇಟ್ಟು ಅಳೆಯಿರಿ, ಇಲ್ಲದಿದ್ದರೆ ಕಂಪೈಲರ್ ತಾನೇ ಲೂಪ್ ಅದಲುಬದಲು ಮಾಡಿಬಿಡಬಹುದು.

ಕಡೂರು ಬಯಲು

ಇದೆಲ್ಲ ಕಲಿತರೆ ಕೆಲಸ ಸಿಗುತ್ತಾ ಅಂತ ಮನೇಲಿ ಕೇಳ್ತಾರೆ. ಎಲ್ಲರೂ ವೆಬ್ ಕಲಿ ಅಂತಾರೆ.

ಬೇಲೂರು ರಸ್ತೆ

ವೆಬ್ ಕೂಡ ಕಲಿಯಿರಿ, ತಪ್ಪಿಲ್ಲ. ಆದರೆ ಒಂದು ವಿಷಯ. ಹಾಸನದ ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಇದೆ, 1982ರಿಂದ. ಭೂಸ್ಥಿರ ಉಪಗ್ರಹಗಳನ್ನು ಅಲ್ಲಿಂದ ನೋಡಿಕೊಳ್ಳುತ್ತಾರೆ. ಆ ದೊಡ್ಡ ಆಂಟೆನಾಗಳನ್ನು ನೋಡುತ್ತಲೇ ನಾವು ಬೆಳೆದವರು. ಅದೇ ಇಸ್ರೋದ ಉಡಾವಣಾ ವಾಹನಗಳಲ್ಲಿ 2009ರಿಂದ ವಿಕ್ರಮ್ 1601 ಎಂಬ ದೇಶೀ 16 ಬಿಟ್ ಪ್ರೊಸೆಸರ್ ಹಾರುತ್ತಿದೆ. ಅದರ ಮುಂದಿನದು 32 ಬಿಟ್‌ನ ವಿಕ್ರಮ್ 3201, ಚಂಡೀಗಢದ ಸೆಮಿಕಂಡಕ್ಟರ್ ಲ್ಯಾಬೊರೇಟರಿಯಲ್ಲಿ ತಯಾರಾದದ್ದು, 2025ರಲ್ಲಿ ಹೊರಬಂತು. ಅದಕ್ಕೆ ಬೇಕಾದ ಅಸೆಂಬ್ಲರ್, ಲಿಂಕರ್, ಸಿಮ್ಯುಲೇಟರ್ ಎಲ್ಲ ಇಸ್ರೋ ಒಳಗೇ ಬರೆದರು. ಹೊಸ ಇನ್‌ಸ್ಟ್ರಕ್ಷನ್ ಸೆಟ್ ಮಾಡಿದ ಪ್ರತಿ ಸಲವೂ ಯಾರೋ ಕೂತು ಅಸೆಂಬ್ಲರ್ ಬರೆಯಲೇಬೇಕು. ಆ ಜನ ಇಂಥ ಜಾಗಗಳಿಂದಲೇ ಬರಬೇಕು.

ಸಕಲೇಶಪುರದ ಹುಡುಗಿ

ನಾನು ತೀರ್ಮಾನ ಮಾಡಿಕೊಂಡೆ. ಲ್ಯಾಬಿಗೆ 8086, ಥಿಯರಿ ಜೊತೆಗೆ ರಿಸ್ಕ್-ಫೈವ್. ಬಸ್ಸಲ್ಲಿ ಸಿಗ್ನಲ್ ಸಿಗಲ್ಲ, ಅಲ್ಲಿ ನೋಟ್‌ಬುಕ್‌ನಲ್ಲಿ ರಿಜಿಸ್ಟರ್ ಕೋಷ್ಟಕ ಬರೆದು ಮುಂದಿನ ಮೌಲ್ಯ ಊಹಿಸ್ತೀನಿ, ಮನೆಗೆ ಬಂದು ಸಿಮ್ಯುಲೇಟರಲ್ಲಿ ತಾಳೆ ನೋಡ್ತೀನಿ.

ಒಂದೇ ಒಂದು ಉಳಿದಿದೆ. ಅರೇ ಕೂಡಿಸೋ ಈ ಲೂಪ್ ರೈಪ್ಸ್‌ನಲ್ಲಿ ಹಾಕಿದರೆ ಪ್ರತಿ ಸುತ್ತಿನಲ್ಲೂ ಎರಡನೇ ಸಾಲು ಒಂದು ಸೈಕಲ್ ನಿಂತು ಹೋಗುತ್ತೆ. ಫಾರ್ವರ್ಡಿಂಗ್ (ಫಲಿತವನ್ನು ರಿಜಿಸ್ಟರ್‌ಗೆ ಬರೆಯೋ ಮುಂಚೆಯೇ ಮುಂದಿನ ಇನ್‌ಸ್ಟ್ರಕ್ಷನ್‌ಗೆ ಕೊಡೋದು) ಇರೋ ಮಾದರಿಯನ್ನೇ ಆರಿಸಿದ್ದೀನಿ, ಆದರೂ ಯಾಕೆ?

ಸುತ್ತು: ಎಲ್‌ಡಬ್ಲ್ಯೂ ಟಿ0, 0(ಎ0)
ಆ್ಯಡ್ ಟಿ1, ಟಿ1, ಟಿ0
ಆ್ಯಡ್‌ಐ ಎ0, ಎ0, 4
ಆ್ಯಡ್‌ಐ ಎ1, ಎ1, -1
ಬಿಎನ್‌ಇ ಎ1, ಜೀರೋ, ಸುತ್ತು

ಅರಸೀಕೆರೆ ಜಂಕ್ಷನ್

ಲೋಡ್‌ನ ಮೌಲ್ಯ ಕೈಗೆ ಬರೋದು ಮೆಮೊರಿ ಹಂತದ ಕೊನೆಗೆ. ಆ್ಯಡ್‌ಗೆ ಅದು ಬೇಕಿರೋದು ತನ್ನ ಎಕ್ಸಿಕ್ಯೂಟ್ ಹಂತದ ಶುರುವಿಗೆ, ಮತ್ತು ಆ ಎರಡೂ ಒಂದೇ ಸೈಕಲ್‌ನಲ್ಲಿ ಬೀಳ್ತವೆ. ಫಾರ್ವರ್ಡಿಂಗ್ ತಂತಿ ಮೌಲ್ಯವನ್ನು ಮುಂದಕ್ಕೆ ಒಯ್ಯುತ್ತೆ, ಸಮಯದಲ್ಲಿ ಹಿಂದಕ್ಕೆ ಒಯ್ಯಲಾರದು. ಅದಕ್ಕೇ ಒಂದು ಸೈಕಲ್ ಸ್ಟಾಲ್.

ಮೂರನೇ ಸಾಲನ್ನು ಎರಡನೆಯದರ ಜಾಗಕ್ಕೆ ತನ್ನಿ. ಎ0 ಬದಲಾಗೋ ಹೊತ್ತಿಗೆ ಲೋಡ್ ಹಳೇ ಎ0 ಓದಿ ಆಗಿರುತ್ತೆ, ಟಿ0ಗೂ ಅದಕ್ಕೂ ಸಂಬಂಧ ಇಲ್ಲ, ಉತ್ತರ ಬದಲಾಗಲ್ಲ. 100 ಸಂಖ್ಯೆಯ ಅರೇಗೆ 100 ಸೈಕಲ್ ಉಳೀತು. ಬದಲಾಯಿಸಿ ರೈಪ್ಸ್‌ನ ಸೈಕಲ್ ಲೆಕ್ಕ ನೋಡಿ. ಅದಾದ ಮೇಲೆ ಬಿಎನ್‌ಇ ಹಿಂದಕ್ಕೆ ಹಾರಿದಾಗಲೆಲ್ಲ ಅದರ ಹಿಂದೆ ಬಂದಿದ್ದ ಎರಡು ಇನ್‌ಸ್ಟ್ರಕ್ಷನ್ ಏನಾಗ್ತವೆ ಅಂತ ಗಮನಿಸಿ, ನಾಳೆ ಅಲ್ಲಿಂದ ಮುಂದುವರಿಸೋಣ.